ಒಂದು ಹಳೆಯ ಯಂತ್ರದ ಪಾಠಶೋಧನೆ

ಪರರ ಕೈಯಲ್ಲಿ ಬಾಳಿಬಂದ ವಸ್ತುವನ್ನು ಕೊಂಡವನು ವಸ್ತುವನ್ನು ಮಾತ್ರವೇ ಕೊಂಡಂತಾಗುವುದಿಲ್ಲ. ಅದನ್ನು ಮೊದಲು ಬಳಸಿದವರ ಅಭ್ಯಾಸಗಳನ್ನೂ, ಅವರು ಮಾಡಿಕೊಂಡ ಅನುಕೂಲಗಳನ್ನೂ, ಅವರ ಪೇಚಾಟಗಳನ್ನೂ ಜೊತೆಯಲ್ಲಿಯೇ ಮನೆಗೆ ತಂದಂತಾಗುತ್ತದೆ. ಹಳೆಯ ವೀಣೆಯ ಮೆಟ್ಟೊಂದು ಕೂದಲೆಳೆಯಷ್ಟು ಸರಿದಿದ್ದರೆ, ಅದು ಮೇಣ ಕರಗಿ ತಾನಾಗಿ ಸರಿದುದೋ, ಹಿಂದಿನ ವೈಣಿಕನು ತನ್ನ ಕಿವಿಗೆ ಒಪ್ಪುವಂತೆ ಬೇಕೆಂದೇ ಸರಿಸಿದುದೋ ಎಂದು ಹೊಸಬನು ಯೋಚಿಸಬೇಕಾಗುತ್ತದೆ. ತಾಳೆಯೋಲೆಯ ಗ್ರಂಥವನ್ನು ಓದುವವನಿಗಂತೂ ಈ ಸಂಶಯವೇ ನಿತ್ಯಕರ್ಮ. ಈ ಪದವು ಕವಿಯದೋ, ಲಿಪಿಕಾರನದೋ, ಅಂಚಿನಲ್ಲಿ ಯಾರೋ ಗೀಚಿಕೊಂಡಿದ್ದುದು ಮುಂದಿನ ಪ್ರತಿಯಲ್ಲಿ ಮೂಲದೊಳಕ್ಕೆ ನುಗ್ಗಿತೋ ಎಂಬ ವಿಚಾರದಲ್ಲಿ ಪಂಡಿತರು ತಮ್ಮ ಆಯುಸ್ಸನ್ನೇ ಸವೆಸಿದ್ದಾರೆ.

ಇಂತಹ ಮಾತನ್ನು ನಾನು ಗಣಕಯಂತ್ರವೊಂದರ ವಿಷಯದಲ್ಲಿ ಹೇಳಹೊರಟಿರುವೆನೆಂದರೆ ವಾಚಕರಲ್ಲಿ ಕೆಲವರು ನಕ್ಕಾರು. ಕೌಮುದಿಯನ್ನೂ ಅಮರವನ್ನೂ ಉರುಹೊಡೆದು, ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹುಡುಗರಿಗೆ ಶಬ್ದರೂಪಗಳನ್ನು ಹೇಳಿಕೊಟ್ಟು, ಪಿಂಚಣಿಗೆ ಬಂದಿರುವ ಸಂಸ್ಕೃತದ ಮೇಷ್ಟರಿಗೂ ಬೆಸುಗೆಯ ತಂತಿಗೂ ಏನು ಸಂಬಂಧ? ಸಂಬಂಧವನ್ನು ಕಲ್ಪಿಸಿದುದು ಸರ್ಕಾರ. 1984ರಲ್ಲಿ ಕೇಂದ್ರ ಸರ್ಕಾರವು ಶಾಲೆಯ ಮಕ್ಕಳಿಗೆ ಗಣಕಯಂತ್ರದ ಪರಿಚಯ ಮಾಡಿಸಬೇಕೆಂದು ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿ, ದೇಶದ ಆಯ್ದ ಪ್ರೌಢಶಾಲೆಗಳಿಗೆ ‘ಬಿಬಿಸಿ ಮೈಕ್ರೋ’ ಎಂಬ ಯಂತ್ರಗಳನ್ನು ಕೊಡಿಸಿತು. ಶಾಲೆಗಳಿಂದ ಕೆಲವರು ಉಪಾಧ್ಯಾಯರು ತರಬೇತಿಗೆ ಹೋಗಬೇಕಾಗಿತ್ತು. ನಮ್ಮಲ್ಲಿ ಗಣಿತದವರಿಗೆ ಪರೀಕ್ಷೆಯ ಕೆಲಸ. ವಿಜ್ಞಾನದವರಿಗೆ ಮನೆಯಲ್ಲಿ ಮದುವೆ. ಹೊಸದಾಗಿ ಸೇರಿದ್ದ ಸಂಸ್ಕೃತದವನಿಗೆ ಯಾವ ನೆವವೂ ಒದಗಲಿಲ್ಲ. ಹೀಗಾಗಿ 1986ರ ಬೇಸಗೆಯಲ್ಲಿ ಮೂರು ವಾರ ನಾನು ಆ ಯಂತ್ರದ ಮುಂದೆ ಕುಳಿತೆನು. ಸೂತ್ರಗಳನ್ನು ಕ್ರಮವಾಗಿ ಬರೆದು, ಯಾವುದು ಮೊದಲು ಪ್ರವರ್ತಿಸಬೇಕು, ಯಾವುದು ಯಾವುದಕ್ಕೆ ಬಾಧಕವೆಂದು ನಿರ್ಣಯಿಸುವ ಆ ವಿದ್ಯೆಯು ವ್ಯಾಕರಣವನ್ನೋದಿದವನಿಗೆ ತೀರ ಪರಕೀಯವೆನಿಸಲಿಲ್ಲ. ಅಂದು ಹಿಡಿದ ಹುಚ್ಚು ಇಂದಿಗೂ ಬಿಟ್ಟಿಲ್ಲ.

ಆ ಯಂತ್ರದ ಕುಲಗೋತ್ರಗಳನ್ನು ಎರಡು ಮಾತಿನಲ್ಲಿ ಹೇಳಿಬಿಡುವೆನು. ಬ್ರಿಟಿಷ್ ಆಕಾಶವಾಣಿ ಸಂಸ್ಥೆಯು ತನ್ನ ಜನರಿಗೆ ಗಣಕಯಂತ್ರದ ಅಕ್ಷರಾಭ್ಯಾಸ ಮಾಡಿಸಲು ಕೈಗೊಂಡ ಕಾರ್ಯಕ್ರಮಕ್ಕಾಗಿ ಕೇಂಬ್ರಿಜ್ಜಿನ ಏಕಾರ್ನ್ ಎಂಬ ಕಂಪೆನಿಯು ಇದನ್ನು ನಿರ್ಮಿಸಿತು. 1981ನೆಯ ಡಿಸೆಂಬರು 1ರಂದು ಅದು ಹೊರಬಂದಿತು. ಅದರ ರಚನೆಯಲ್ಲಿ ಪ್ರಧಾನರಾದವರು ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಎಂಬಿಬ್ಬರು. ಇದೇ ಇಬ್ಬರು ಮುಂದೆ ರೂಪಿಸಿದ ಏಆರ್‌ಎಂ ಎಂಬ ಹೊಸ ಚಿಪ್ 1985ನೆಯ ಏಪ್ರಿಲ್ 26ರಂದು ಮೊದಲ ಸಲ ಉಸಿರಾಡಿದಾಗ ಅದನ್ನು ಜೋಡಿಸಿದ್ದುದು ಈ ಬಿಬಿಸಿ ಮೈಕ್ರೋವಿನ ಪಕ್ಕಕ್ಕೇ. ಅದರ ಸಂತತಿಯು ಇಂದು ಬಹುಮಟ್ಟಿಗೆ ನಮ್ಮೆಲ್ಲರ ಕಿಸೆಯ ಫೋನುಗಳಲ್ಲಿ ಕುಳಿತಿದೆ. ನಮ್ಮ ದೇಶದಲ್ಲಿ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆಯು ಬಿಬಿಸಿ ಮೈಕ್ರೋವನ್ನು ‘ಯೂನಿಕಾರ್ನ್’ ಎಂಬ ಹೆಸರಿನಿಂದ ತಯಾರಿಸಿತು. ಅದರ ಜ್ಞಾಪಕಶಕ್ತಿಯೆಲ್ಲ 32 ಕಿಲೋಬೈಟು. ಈಗಿನ ಫೋನಿನಲ್ಲಿ ತೆಗೆದ ಒಂದು ಭಾವಚಿತ್ರಕ್ಕೂ ಅದು ಸಾಲದು.

ಆದರೆ ಅದರಲ್ಲಿ ಒಂದು ದೊಡ್ಡ ಗುಣವಿತ್ತು. ಮನೆ ಕಟ್ಟಿದವನು ಮುಂದೆ ಮಕ್ಕಳು ಮಹಡಿಯನ್ನು ಏರಿಸಿಯಾರೆಂದು ಕಂಬಿಗಳನ್ನು ಹೊರಚಾಚಿ ಬಿಟ್ಟಿರುವಂತೆ, ಏಕಾರ್ನಿನವರು ಬೋರ್ಡಿನ ಮೇಲೆ ಬರಿಯ ಸಾಕೆಟ್ಟುಗಳನ್ನೂ, ಕೂಡಿಸಲೂ ಕಡಿಯಲೂ ಬರುವ ಕೊಂಡಿಗಳನ್ನೂ ಬಿಟ್ಟಿದ್ದರು. ಕೊಂಡಿಗಳಿಗೆ ಅಂಕಿಗಳುಂಟು, 39ನೆಯದನ್ನು ಕೂಡಿಸಿದರೆ ಕಪ್ಪುಬಿಳುಪಾಗಿ ಹೊರಡುತ್ತಿದ್ದ ಒಂದು ಚಿತ್ರಧಾರೆಯು ಬಣ್ಣವಾಗಿ ಹೊರಡುತ್ತದೆ. ಇಂತಹ ಅವಕಾಶವಿದ್ದ ಮೇಲೆ ಜನರು ಸುಮ್ಮನಿರುವರೆ? ಬೆಸುಗೆಯ ಕಡ್ಡಿ ಹಿಡಿಯಬಲ್ಲ ಪ್ರತಿಯೊಬ್ಬನೂ ತನ್ನದೊಂದು ಪರಿಶಿಷ್ಟವನ್ನು ಸೇರಿಸಿದನು. ನಾಲ್ವತ್ತು ವರ್ಷಗಳ ತರುವಾಯ ಇಂತಹ ಯಂತ್ರವು ಕೈಗೆ ಬಂದರೆ, ಅದರೊಳಗೆ ಏಕಾರ್ನಿನ ಪಾಠವೆಷ್ಟು, ಪ್ರಕ್ಷಿಪ್ತವೆಷ್ಟು ಎಂಬುದನ್ನು ಹೇಳಲು ಯಾವ ಪುಸ್ತಕವೂ ಇರುವುದಿಲ್ಲ. ಮಾಡಿದವನು ಬರೆದಿಟ್ಟಿದ್ದ ಚೀಟಿಯೂ ಇರುವುದಿಲ್ಲ.

ನನ್ನ ಯಂತ್ರವು ಸಿಕ್ಕಿದುದು ಎರಡು ವರ್ಷದ ಹಿಂದೆ, ನಮ್ಮೂರ ಗುಜರಿ ಅಂಗಡಿಯೊಂದರಲ್ಲಿ, ಮುರಿದ ಬೆಂಚುಗಳ ರಾಶಿಯ ಮೇಲೆ. ಯಾವುದೋ ಶಾಲೆಯ ಹರಾಜಿನಲ್ಲಿ ಎತ್ತಿದ ಸಾಮಾನು; ಯಾವ ಶಾಲೆಯೆಂಬುದು ಅಂಗಡಿಯವನಿಗೆ ನೆನಪಿರಲಿಲ್ಲ. ಅವನು ತೂಕಕ್ಕೆ ಹಾಕಹೊರಟಿದ್ದನು. ಹಳದಿಗೆ ತಿರುಗಿದ ಆ ಕೆನೆಬಣ್ಣದ ಪೆಟ್ಟಿಗೆಯನ್ನೂ ಮೇಲಿನ ಸಾಲಿನ ಕೆಂಪು ಗುಂಡಿಗಳನ್ನೂ ಕಂಡೊಡನೆ ನಾನು ಗುರುತಿಸಿ, ಚೌಕಾಸಿ ಮಾಡದೆ ಆರುನೂರು ರೂಪಾಯಿ ಕೊಟ್ಟೆನು. ಮನೆಗೆ ತಂದು ಒರಸಿ ನೋಡುವಾಗ ಹಿಂಬದಿಯಲ್ಲಿ, ಮೂಲಕಾರನು ಎಂದೂ ಕೊರೆಯದ ಎರಡು ರಂಧ್ರಗಳೂ, ಅವುಗಳಲ್ಲಿ ಎರಡು ಪುಟ್ಟ ಸ್ವಿಚ್ಚುಗಳೂ ಕಂಡವು. ಅವುಗಳ ಪಕ್ಕದಲ್ಲಿ ಮೂರನೆಯ ರಂಧ್ರಕ್ಕಾಗಿ ಮೊಳೆಯಿಂದ ಚುಚ್ಚಿದ ಗುರುತೊಂದಿತ್ತು, ಕೊರೆದಿರಲಿಲ್ಲ.

ಅಪರಿಚಿತ ಯಂತ್ರಕ್ಕೆ ಒಮ್ಮೆಗೇ ವಿದ್ಯುತ್ತನ್ನು ಕೊಡತಕ್ಕದ್ದಲ್ಲ. ವಿದ್ಯುತ್ತನ್ನು ಮೊದಲು ಸೋಸುವ ಕೆಪಾಸಿಟರುಗಳು ಇಷ್ಟು ವರ್ಷಗಳಲ್ಲಿ ಮೈಬಿರಿದಿರುತ್ತವೆ. ಕರೆಂಟು ತಾಕಿದರೆ ದುರ್ನಾತದ ಹೊಗೆಯನ್ನು ಕಾರುವುದು ಆ ಕಾಲದ ಯಂತ್ರಗಳಿಗೆಲ್ಲ ಸಾಮಾನ್ಯ. ಟಿವಿ ರಿಪೇರಿಯ ಅಂಗಡಿಯಿಟ್ಟಿರುವ ನನ್ನ ಹಳೆಯ ಶಿಷ್ಯನೊಬ್ಬನು ಬಂದು ಅವುಗಳನ್ನು ಬದಲಾಯಿಸಿಕೊಟ್ಟನು. ಮುಚ್ಚಳವನ್ನು ಹಿಡಿದಿರುವ ನಾಲ್ಕು ತಿರುಪುಗಳ ಬಳಿ ‘ಫಿಕ್ಸ್’ ಎಂದು ಅಚ್ಚುಹಾಕಿರುವುದನ್ನು ನೋಡಿ, “ಬಿಚ್ಚಬೇಕಾದ ಕಡೆಯಲ್ಲೇ ಬಿಗಿ ಅಂತ ಬರೆದಿದ್ದಾರಲ್ಲ, ಮೇಷ್ಟ್ರೆ” ಎಂದು ನಕ್ಕನು. ಒಳಗೆ ನೋಡಿದ ಮೇಲೆ ನಗಲಿಲ್ಲ. “ಇದರೊಳಗೆ ಯಾರೋ ಸಂಸಾರವನ್ನೇ ಮಾಡಿದ್ದಾರೆ. ಎಲ್ಲಾ ಕಿತ್ತು ಶುದ್ಧಿ ಮಾಡಿಬಿಡಲೇ?” ಎಂದನು.

“ಕೀಳುವುದಕ್ಕೆ ಮೊದಲು ಓದೋಣ, ತಡೆಯಯ್ಯಾ” ಎಂದೆನು.

ಓದುವುದಕ್ಕೆ ಕ್ರಮವೊಂದು ಬೇಕಷ್ಟೆ. ಸಂಧಿಪ್ರಕರಣದಲ್ಲಿ ನಾವು ಮಕ್ಕಳಿಗೆ ಹೇಳಿಕೊಡುವ ಲೋಪ, ಆಗಮ, ಆದೇಶಗಳೆಂಬ ಮೂರನ್ನೇ ನಾನು ಹಿಡಿದೆನು. ಯಂತ್ರದಲ್ಲಿ ಮಾಡಬಹುದಾದ ಮಾರ್ಪಾಟುಗಳೂ ಈ ಮೂರರಲ್ಲಿಯೇ ಅಡಗುತ್ತವೆ. ಇದ್ದ ಸಂಬಂಧವನ್ನು ಕಡಿದರೆ ಲೋಪ. ಇಲ್ಲದ ತಂತಿಯನ್ನು ಎಳೆದರೆ ಆಗಮ. ಒಂದು ಚಿಪ್ಪನ್ನು ತೆಗೆದು ಅದರ ಸ್ಥಾನದಲ್ಲಿ ಇನ್ನೊಂದನ್ನು ಕೂರಿಸಿದರೆ ಆದೇಶ. ಆಗಮವು ಎಲ್ಲಕ್ಕಿಂತ ಸುಲಭವಾಗಿ ಕಾಣುತ್ತದೆ. ಬೋರ್ಡಿನ ಮೇಲೆ ಅಡ್ಡಹಾದಿಯಲ್ಲಿ ಹೋಗುವ ತಂತಿಯು ಓಲೆಯಲ್ಲಿ ಹಂಸಪಾದವಿದ್ದಂತೆ ತನ್ನನ್ನು ತಾನೇ ಸಾರಿಕೊಳ್ಳುತ್ತದೆ. ಲೋಪವನ್ನು ಕಾಣಬೇಕಾದರೆ ಮೂಲದ ನಕ್ಷೆ ಗೊತ್ತಿರಬೇಕು, ಭೂತಗನ್ನಡಿಯೂ ಬೇಕು. ಆದೇಶವೇ ಬಲು ಕಷ್ಟ. ಒಂದೇ ಅಳತೆಯ ಕರಿಯ ಚಿಪ್ಪುಗಳು ಸಾಲಾಗಿ ಕುಳಿತಿರುವಾಗ, ಅವುಗಳಲ್ಲಿ ಯಾವುದು ಸ್ಥಾನಿ, ಯಾವುದು ಆದೇಶವೆಂದು ಮುಖ ನೋಡಿ ಹೇಳಲಾಗದು. ಬೆನ್ನ ಮೇಲಿನ ಸಣ್ಣಕ್ಷರವನ್ನು ಓದಬೇಕು.

ಹಸ್ತಪ್ರತಿಯಲ್ಲಿ ಲಿಪಿಕಾರರ ಕೈಗಳನ್ನು ಬೇರ್ಪಡಿಸುವಂತೆ ಬೆಸುಗೆಯಲ್ಲಿಯೂ ಕೈಗಳನ್ನು ಬೇರ್ಪಡಿಸಬಹುದೆಂಬುದನ್ನು ನಾನು ಇಲ್ಲಿ ಕಂಡುಕೊಂಡೆನು. ಒಟ್ಟು ಮೂರು ಕೈಗಳು. ಮೊದಲನೆಯದು ಫ್ಲಾಪಿ ತಟ್ಟೆಗಳನ್ನು ಓದುವ 8271 ಎಂಬ ಚಿಪ್ಪನ್ನೂ ಅದರ ಪರಿವಾರವನ್ನೂ ಕೂರಿಸಿದ ಕೈ. ಇದು ಕೈಪಿಡಿಯಲ್ಲಿ ಹೇಳಿದಂತೆಯೇ ನಡೆದಿದೆ. ಮೂಲಕಾರನೇ ಅನುಮತಿಸಿದ ಪರಿಶಿಷ್ಟವಾದುದರಿಂದ ವಿಚಾರವಿಲ್ಲ. ಎರಡನೆಯ ಕೈಯವನು ಬಲು ನಾಜೂಕಿನವನು. ಕೂದಲಿನಂತಹ ಅರಗಿನ ತಂತಿಯನ್ನು ಬೋರ್ಡಿನ ಅಂಚುಗಳಿಗೆ ಸಮವಾಗಿ ಮೂಲೆಮೂಲೆಗೆ ಮಡಿಸಿ ಎಳೆದಿದ್ದಾನೆ. ಎರಡು ಕಡೆ ಹೊಲಿಗೆಯ ದಾರದಿಂದ ಕಟ್ಟಿದ್ದಾನೆ. ಬೆಸುಗೆಯು ಸಾಸಿವೆಕಾಳಿನಷ್ಟು, ಹೊಳಪು ಇನ್ನೂ ಮಾಸಿಲ್ಲ. ಮೂರನೆಯವನು ದಪ್ಪ ಕೆಂಪು ತಂತಿಯ ಮನುಷ್ಯ. ಅವನ ಬೆಸುಗೆ ಹುಣಿಸೆಬೀಜದಷ್ಟು. ಕಡ್ಡಿಯನ್ನು ಹೆಚ್ಚು ಹೊತ್ತು ಒತ್ತಿ ಬೋರ್ಡನ್ನು ಸುಟ್ಟಿದ್ದಾನೆ. ಎರಡನೆಯವನ ತಂತಿಯ ಮೇಲೆ ಇವನ ತಂತಿ ಹಾದುಹೋಗಿರುವುದರಿಂದ ಇವನು ಈಚಿನವನೆಂಬುದು ನಿರ್ವಿವಾದ.

ಈ ಮೂರನೆಯವನ ಸ್ವಿಚ್ಚಿನ ವಿಷಯದಲ್ಲಿ ನನ್ನ ಶಿಷ್ಯನ ಕಲ್ಪನೆಯು ಬಹಳ ದೂರ ಓಡಿತು. ಯಂತ್ರದ ವೇಗವನ್ನು ಇಮ್ಮಡಿಸಲೆಂದು ಒಮ್ಮೆ, ಗುಟ್ಟಿನ ಕಾರ್ಯಕ್ರಮವನ್ನು ಮರೆಮಾಡಲೆಂದು ಒಮ್ಮೆ ಅವನು ವ್ಯಾಖ್ಯಾನಿಸಿದನು. ಮಲ್ಟಿಮೀಟರಿನ ಮೊನೆಗಳನ್ನಿಟ್ಟು ಸಂಪರ್ಕದ ಸದ್ದನ್ನು ಕೇಳುತ್ತ ಹೋದೆವು. ಧ್ವನಿಯನ್ನು ಹೊರಡಿಸುವ ಸ್ಪೀಕರಿಗೆ ಹೋಗುವ ಎರಡು ತಂತಿಗಳಲ್ಲಿ ಒಂದನ್ನು ಕಡಿದು ನಡುವೆ ಈ ಸ್ವಿಚ್ಚನ್ನು ಇಟ್ಟಿದ್ದರು, ಅಷ್ಟೆ. ಒಂದು ಕೊಠಡಿಯಲ್ಲಿ ಐದಾರು ಬಿಬಿಸಿ ಯಂತ್ರಗಳನ್ನು ಹುಡುಗರ ಕೈಗೆ ಕೊಟ್ಟು ಕುಳಿತವರಿಗೆ ಇದಕ್ಕೆ ಭಾಷ್ಯವು ಬೇಕಿಲ್ಲ. ಆ ‘ಕುಂಯ್’ಗುಟ್ಟುವಿಕೆಯನ್ನು ನಿಲ್ಲಿಸಬಲ್ಲ ಸ್ವಿಚ್ಚೊಂದಿದ್ದಿದ್ದರೆ ನಾನು ಅಂದು ಒಂದು ತಿಂಗಳ ಸಂಬಳವನ್ನು ಕೊಡುತ್ತಿದ್ದೆನು.

ಎರಡನೆಯವನ ಕೆಲಸಕ್ಕೆ ಬರುವೆನು, ವಿಷಯವಿರುವುದು ಅಲ್ಲಿಯೇ. ಕೀಲಿಮಣೆಯನ್ನು ಸಡಿಲಿಸಿ ಎತ್ತಿದರೆ ಬಲಗಡೆಯ ಮುಂಭಾಗದಲ್ಲಿ ಐದು ಸಾಕೆಟ್ಟುಗಳ ಸಾಲೊಂದು ಕಾಣುತ್ತದೆ. 51ನೆಯ ಅಂಕಿಯದರಲ್ಲಿ ಯಂತ್ರವನ್ನು ಆಳುವ ಮೂಲಕಾರ್ಯಕ್ರಮ. 52ರಲ್ಲಿ ಬೇಸಿಕ್ ಭಾಷೆ. 88, 100, 101 ಎಂಬ ಮೂರು ಬಳಸುವವರ ಇಷ್ಟಕ್ಕೆ ಬಿಟ್ಟವು. 101ರಲ್ಲಿ ತಟ್ಟೆಯನ್ನು ನಡೆಸುವ ಕಾರ್ಯಕ್ರಮವಿತ್ತು, ಮೊದಲ ಕೈಯದು. 88ರಲ್ಲಿದ್ದ ಚಿಪ್ಪಿನ ಬೆನ್ನನ್ನು ಭೂತಗನ್ನಡಿಯಲ್ಲಿ ಓದಿದರೆ 62256 ಎಂದಿತ್ತು. ಇದು ಓದಲು ಮಾತ್ರ ಬರುವ ಶಾಸನದ ಜಾತಿಯಲ್ಲ, ಬರೆದು ಅಳಿಸಬಹುದಾದ ಹಲಗೆಯ ಜಾತಿ. ಅದರ 28 ಕಾಲುಗಳಲ್ಲಿ 27ನೆಯದನ್ನು ಸಾಕೆಟ್ಟಿಗೆ ಇಳಿಸದೆ ಹೊರಕ್ಕೆ ಬಾಗಿಸಿ, ಅರಗಿನ ತಂತಿಯನ್ನು ಹಚ್ಚಿ, ಸ್ವಿಚ್ಚಿನ ಮೂಲಕ ಯಂತ್ರದ ಬರೆವಣಿಗೆಯ ಸಂಜ್ಞೆಗೆ ಕೂಡಿಸಿದ್ದನು. ಈ ಕಾಲೇ ಬರೆವಣಿಗೆಗೆ ಅಪ್ಪಣೆ ಕೊಡುವ ಕಾಲು. ಒಂದೇ ಚಿಪ್ಪಿನಲ್ಲಿ ಆದೇಶ, ಲೋಪ, ಆಗಮಗಳು ಮೂರೂ ಕೂಡಿದ್ದುವು! ಸ್ವಿಚ್ಚು ಒಂದು ಕಡೆಗಿದ್ದರೆ ಹಲಗೆಯ ಮೇಲೆ ಬರೆಯಬಹುದು. ಮತ್ತೊಂದು ಕಡೆಗೆ ತಿರುಗಿಸಿದರೆ ಬರೆದುದು ಶಾಸನದಂತೆ ನಿಲ್ಲುತ್ತದೆ, ವಿದ್ಯುತ್ತಿರುವವರೆಗೆ. ಯಂತ್ರವನ್ನು ಹಚ್ಚಿ, ಒಂದು ಅಂಕೆಯನ್ನು ಅಲ್ಲಿಗೆ ಕಳುಹಿಸಿ ಹಿಂದಕ್ಕೆ ಓದಿ, ಸ್ವಿಚ್ಚನ್ನು ತಿರುಗಿಸಿ ಬೇರೊಂದನ್ನು ಕಳುಹಿಸಿ ಓದಿ, ಇದು ಹೀಗೆಯೇ ಎಂದು ದೃಢಪಡಿಸಿಕೊಂಡೆನು.

ಈ ಚಿಪ್ಪಿನಲ್ಲಿ 32 ಕಿಲೋಬೈಟುಗಳಿಗೆ ಸ್ಥಳವುಂಟು. ಸಾಕೆಟ್ಟಿನ ಕಿಟಕಿಯ ಮೂಲಕ ಕಾಣುವುದು 16 ಮಾತ್ರ. ಮೊದಲನೆಯ ಕಾಲು ಸಾಕೆಟ್ಟಿನಲ್ಲಿ ಯಾವಾಗಲೂ ಐದು ವೋಲ್ಟಿಗೆ ಕಟ್ಟುಬಿದ್ದಿರುವುದರಿಂದ ಕೆಳಗಿನರ್ಧವು ವ್ಯರ್ಥ. ಆ ಕಾಲಿಗೂ ಒಂದು ಸ್ವಿಚ್ಚನ್ನು ಹಚ್ಚಿದ್ದರೆ ಎರಡರ್ಧಗಳನ್ನೂ ಸರದಿಯಂತೆ ಬಳಸಬಹುದಾಗಿತ್ತು. ಹಿಂಬದಿಯಲ್ಲಿ ಮೂರನೆಯ ರಂಧ್ರಕ್ಕೆ ಚುಚ್ಚಿ ಬಿಟ್ಟ ಗುರುತಿನ ಅರ್ಥ ಆಗ ನನಗೆ ಹೊಳೆಯಿತು. ಅದೇ ಚಿಪ್ಪಿನ ಬೆನ್ನ ಮೇಲೆ 8734 ಎಂಬ ಇನ್ನೊಂದು ಅಂಕಿಯಿತ್ತು. ಚಿಪ್ ತಯಾರಾದ ವರ್ಷವನ್ನೂ ವಾರವನ್ನೂ ಹೀಗೆ ಅಚ್ಚುಹಾಕುವುದು ವಾಡಿಕೆ. 1987ನೆಯ ವರ್ಷದ 34ನೆಯ ವಾರ. ಆದುದರಿಂದ ಈ ಕೈಯು 1987ರ ಆಗಸ್ಟಿಗಿಂತ ಹಿಂದಿನದಾಗಿರಲಾರದು. ಶಾಸನತಜ್ಞರಿಗೆ ಇಷ್ಟು ಖಚಿತವಾದ ಪೂರ್ವಾವಧಿ ದೊರೆಯುವುದು ಅಪೂರ್ವ.

ಇನ್ನುಳಿದುದು 100ನೆಯ ಸಾಕೆಟ್ಟು. ಅಲ್ಲಿ ಕುಳಿತಿದ್ದುದು ನೆತ್ತಿಯಲ್ಲಿ ಪುಟ್ಟ ಗಾಜಿನ ಕಿಟಕಿಯುಳ್ಳ ಈಪ್ರಾಂ ಎಂಬ ಚಿಪ್. ವಿಶೇಷವಾದ ಉಪಕರಣದಿಂದ ಇದರಲ್ಲಿ ಬರೆದುದು ವಿದ್ಯುತ್ತು ಹೋದರೂ ಅಳಿಯದು. ಆದರೆ ಕಿಟಕಿಯ ಮೂಲಕ ಅತಿನೇರಳೆಯ ಬೆಳಕು ಬಿದ್ದರೆ ಅಳಿಯುತ್ತದೆ. ಅದಕ್ಕೆಂದೇ ಮಾಡಿದ ದೀಪದಲ್ಲಿ ಸುಮಾರು 20 ನಿಮಿಷ, ಬಿಸಿಲಿನಲ್ಲಿ ಸುಮಾರು ಒಂದು ವಾರ, ಕೊಠಡಿಯ ಟ್ಯೂಬ್‌ಲೈಟಿನ ಕೆಳಗೆ ಸುಮಾರು ಮೂರು ವರ್ಷ ಎಂದು ಇದನ್ನು ತಯಾರಿಸುವವರೇ ಲೆಕ್ಕ ಕೊಟ್ಟಿದ್ದಾರೆ. ಆದುದರಿಂದ ಕಿಟಕಿಗೆ ಚೀಟಿಯನ್ನು ಅಂಟಿಸಿರುತ್ತಾರೆ. ಇಲ್ಲಿಯೂ ಚೀಟಿಯಿತ್ತು, ಅಂಟು ಒಣಗಿ ಒಂದು ಮೂಲೆ ಎದ್ದಿತ್ತು. ಅದರ ಮೇಲೆ ಸೀಸದ ಕಡ್ಡಿಯಿಂದ ದುಂಡಗೆ ‘ಕ-2’ ಎಂದು ಬರೆದಿತ್ತು. ಇಂಗ್ಲಿಷಿನ ಅಕ್ಷರಗಳೇ ತುಂಬಿದ ಆ ಬೋರ್ಡಿನಲ್ಲಿ ನಮ್ಮ ‘ಕ’ಕಾರವನ್ನು ಕಂಡಾಗ, ಪರದೇಶದ ಸಂತೆಯಲ್ಲಿ ಯಾರೋ ಹೆಸರು ಹಿಡಿದು ಕರೆದಂತಾಯಿತು. ಎದ್ದ ಮೂಲೆಯನ್ನು ಮೊದಲು ಕಪ್ಪು ಟೇಪಿನಿಂದ ಮುಚ್ಚಿದೆನು. ಮಿಕ್ಕ ವಿಚಾರ ಆಮೇಲೆ.

ಯಂತ್ರಕ್ಕೆ ‘ಹೆಲ್ಪ್’ ಎಂಬ ಆಜ್ಞೆಯನ್ನು ಕೊಟ್ಟರೆ ಒಳಗಿರುವ ಚಿಪ್ಪುಗಳು ಒಂದೊಂದಾಗಿ ತಮ್ಮ ಪ್ರವರವನ್ನು ಹೇಳಿಕೊಳ್ಳುತ್ತವೆ. ತಟ್ಟೆಯ ಕಾರ್ಯಕ್ರಮವು ಹೇಳಿತು. ಮೂಲಕಾರ್ಯಕ್ರಮವು ತನ್ನನ್ನು 1.20ನೆಯ ಆವೃತ್ತಿಯೆಂದು ಹೇಳಿತು. ‘ಕ-2’ ಬಾಯಿ ಬಿಡಲಿಲ್ಲ. ಚಿಪ್ ಸತ್ತಿದೆಯೆಂದು ಶಿಷ್ಯನು ತೀರ್ಪು ಕೊಟ್ಟನು. ಆದರೆ ಬೇಸಿಕ್ ಭಾಷೆಯ ಚಿಪ್ಪೂ ಈ ಪ್ರಶ್ನೆಗೆ ಉತ್ತರವನ್ನು ಕೊಡುವುದಿಲ್ಲ. ಮೌನವು ಮರಣಕ್ಕೆ ಪ್ರಮಾಣವಲ್ಲ. ಅದಲ್ಲದೆ ಈ ಯಂತ್ರದಲ್ಲೊಂದು ಸಂಪ್ರದಾಯವುಂಟು. ಚಿಪ್ಪಿನ ಆರಂಭದಲ್ಲಿ ನಿಯತವಾದ ಒಂದು ಸ್ಥಾನದಲ್ಲಿರುವ ಅಂಕೆಯು, ಕರ್ತೃತ್ವದ ಹಕ್ಕನ್ನು ಸೂಚಿಸುವ ಆವರಣದೊಳಗಿನ ‘ಸಿ’ ಅಕ್ಷರವು ಎಲ್ಲಿದೆಯೆಂದು ತೋರಿಸಬೇಕು. ಆ ಮುದ್ರೆಯಿಲ್ಲದ ಚಿಪ್ಪನ್ನು ಮೂಲಕಾರ್ಯಕ್ರಮವು ಇಲ್ಲವೆಂದೇ ಎಣಿಸಿ ಮುಂದಕ್ಕೆ ಹೋಗುತ್ತದೆ. ಕೊನೆಯಲ್ಲಿ ಪುಷ್ಪಿಕೆಯಿಲ್ಲದ ಗ್ರಂಥವನ್ನು ಪಟ್ಟಿಗೆ ಸೇರಿಸದ ಭಂಡಾರದವರಂತೆ! ಆದರೆ ಪಟ್ಟಿಯಲ್ಲಿಲ್ಲದ ಮಾತ್ರಕ್ಕೆ ಓಲೆ ಬರಿದಾಗಿರಬೇಕೆಂದಿಲ್ಲವಷ್ಟೆ. ಯಾವ ಸಾಕೆಟ್ಟಿನೊಳಗಿನ ಯಾವ ಬೈಟನ್ನಾದರೂ ಮುದ್ರೆಯ ಗೊಡವೆಯಿಲ್ಲದೆ ಓದಿಕೊಡುವ ದ್ವಾರವೊಂದನ್ನು ಮೂಲಕಾರರೇ ಎಫ್‌ಎಫ್‌ಬಿ9 ಎಂಬ ವಿಳಾಸದಲ್ಲಿ ಇಟ್ಟಿದ್ದಾರೆ. ಹತ್ತಾರು ಸಾಲಿನ ಕಾರ್ಯಕ್ರಮವೊಂದನ್ನು ಬರೆದು, 14ನೆಯ ಕ್ರಮಾಂಕವುಳ್ಳ ಆ ಸಾಕೆಟ್ಟನ್ನು ಮೊದಲಿನಿಂದ ಓದತೊಡಗಿದೆನು.

ಬರಿದಲ್ಲ. ಅಂಕೆಗಳ ಮೇಲೆ ಅಂಕೆಗಳು ಬಂದವು. ಆದರೆ ಅವು ಇಂಗ್ಲಿಷಿನ ವಾಕ್ಯವಾಗಿರಲಿಲ್ಲ. ಯಂತ್ರಭಾಷೆಯ ಆಜ್ಞೆಗಳೆಂದು ಬಿಡಿಸಲು ನೋಡಿದರೆ ಅನ್ವಯವೇ ಆಗಲಿಲ್ಲ. ಎಂಟೆಂಟರ ಗುಂಪಿನಲ್ಲಿ ಆಗಾಗ ಸೊನ್ನೆಗಳು ಬರುತ್ತಿದ್ದುದನ್ನು ನೋಡಿ ಹಲವು ದಿನ ಯೋಚಿಸಿದೆನು. ಈ ಯಂತ್ರದ ಪರದೆಯ ಮೇಲೆ ಒಂದು ಅಕ್ಷರವೆಂದರೆ ಎಂಟು ಸಾಲು, ಸಾಲಿಗೆ ಎಂಟು ಚುಕ್ಕೆ. ಒಂದೊಂದು ಸಾಲಿಗೆ ಒಂದೊಂದು ಬೈಟು. ಮೊಮ್ಮಗಳ ಲೆಕ್ಕದ ಚೌಕುಳಿ ಪುಸ್ತಕವನ್ನು ಕೇಳಿ ಪಡೆದು, ಒಂದೊಂದು ಅಂಕೆಯನ್ನೂ ಎಂಟು ಮನೆಗಳಾಗಿ ಬಿಡಿಸಿ, ಒಂದಿದ್ದ ಮನೆಗೆ ಮಸಿ ತುಂಬಿ, ಸೊನ್ನೆಯಿದ್ದ ಮನೆಯನ್ನು ಬಿಡುತ್ತ ಹೋದೆನು. ಛಂದಸ್ಸಿನ ಪ್ರಸ್ತಾರವನ್ನು ಬಲ್ಲವರಿಗೆ ಇದು ಹೊಸತಲ್ಲ. ಅನುಷ್ಟುಭ್ ಪಾದದ ಎಂಟು ಅಕ್ಷರಗಳಲ್ಲಿ ಗುರುಲಘುಗಳನ್ನು ಹರಡಿದರೆ 256 ಬಗೆಗಳಾಗುವಂತೆಯೇ ಬೈಟಿಗೂ 256 ರೂಪಗಳು. ಸೊನ್ನೆ ಲಘು, ಒಂದು ಗುರು ಎಂದುಕೊಂಡು ತುಂಬುತ್ತ ಹೋದಂತೆ ಬಳ್ಳಿಯ ತುಂಡಿನಂತಹ, ಬಳೆಯ ಚೂರಿನಂತಹ ಆಕಾರಗಳು ಎದ್ದವು. ಅರ್ಥವಾಗಲಿಲ್ಲ. ಮೊಮ್ಮಗಳು ಬಂದು ಭುಜದ ಮೇಲಿಂದ ಇಣಿಕಿ, “ತಾತ, ಇದು ‘ಅ’. ಅರ್ಧ ಇಲ್ಲಿದೆ, ಇನ್ನರ್ಧ ಪಕ್ಕದ ಮನೆಯಲ್ಲಿದೆ” ಎಂದಳು.

ಎಂಟು ಚುಕ್ಕೆಗಳ ಅಗಲದಲ್ಲಿ ಇಂಗ್ಲಿಷಿನ ನೆಟ್ಟನೆಯ ಅಕ್ಷರಗಳು ಹಿಡಿದಾವು. ನಮ್ಮ ದುಂಡುಮಲ್ಲಿಗೆಗಳು ಹಿಡಿಯುವುದಿಲ್ಲ. ಆದುದರಿಂದ ಆ ಮಹಾನುಭಾವನು ಒಂದೊಂದು ಅಕ್ಷರಕ್ಕೂ ಎರಡೆರಡು ಮನೆಗಳನ್ನು ಕೊಟ್ಟಿದ್ದನು. ಬಳಸುವವನು ತನ್ನದೇ ಅಕ್ಷರಗಳನ್ನು ರೂಪಿಸಿಕೊಳ್ಳಲು ಈ ಯಂತ್ರವು ಸಾಮಾನ್ಯವಾಗಿ ಬಿಡುವುದು 32 ಸ್ಥಾನಗಳನ್ನು. ಹೆಚ್ಚು ಬೇಕೆಂದರೆ ಮೊದಲೇ ಕಿರಿದಾದ ಜ್ಞಾಪಕದಿಂದ ಕಿತ್ತುಕೊಳ್ಳಬೇಕು. ನಮ್ಮ ವರ್ಣಮಾಲೆ, ಅದರ ಮೇಲೆ ಕಾಗುಣಿತದ ಚಿಹ್ನೆಗಳು, ಅದರ ಕೆಳಗೆ ಒತ್ತುಗಳು, ಎಲ್ಲಕ್ಕೂ ಎರಡೆರಡು ಮನೆ! ಈಗ ಎಲ್ಲ ತಂತಿಗಳಿಗೂ ಅನ್ವಯವು ದೊರಕಿತು. ಅಕ್ಷರರೂಪಗಳನ್ನು ಮೊದಲು 88ನೆಯ ಸಾಕೆಟ್ಟಿನ ಹಲಗೆಯಲ್ಲಿ ಬರೆದು, ತಿದ್ದಿ, ಸ್ವಿಚ್ಚನ್ನು ತಿರುಗಿಸಿ ಕಾಪಾಡಿಕೊಂಡು, ಒಪ್ಪಿಗೆಯಾದ ಮೇಲೆ 100ನೆಯದರ ಶಾಸನದಲ್ಲಿ ಕೆತ್ತಿಸಿದ್ದನು.

ಚೌಕುಳಿ ಪುಸ್ತಕಗಳು ನಾಲ್ಕು ಮುಗಿದವು. ಸ್ವರಗಳಲ್ಲಿ ‘ೠ’ ಉಂಟು, ‘ಌ’ ಉಂಟು. ವ್ಯಂಜನಗಳು ಕಕಾರದಿಂದ ಳಕಾರದವರೆಗೆ ಕ್ರಮವಾಗಿ ಬಂದು ಅಲ್ಲಿಗೆ ನಿಲ್ಲದೆ, ‘ಱ’ ಮತ್ತು ‘ೞ’ ಎಂಬ ಎರಡನ್ನು ಸೇರಿಸಿಕೊಂಡಿವೆ. ಇವನ್ನು ನೋಡಿದಾಗ ನಾನು ಪೆನ್ಸಿಲನ್ನು ಕೆಳಗಿಟ್ಟೆನು. ಶಕಟರೇಫವೂ ರಳವೂ ಬರೆವಣಿಗೆಯಿಂದ ಹೋಗಿ ಶತಮಾನಗಳಾದವು. ವ್ಯಾಪಾರದ ಪತ್ರಕ್ಕಾಗಲಿ ಅಂಕಪಟ್ಟಿಗಾಗಲಿ ಅವುಗಳಿಂದ ಉಪಯೋಗವಿಲ್ಲ. ಸ್ಥಳವು ಇಷ್ಟು ದುರ್ಲಭವಾದ ಯಂತ್ರದಲ್ಲಿ ಅವಕ್ಕೆ ನಾಲ್ಕು ಮನೆಗಳನ್ನು ಯಾರು ಕೊಟ್ಟಾರು? ಪಂಪನನ್ನೂ ರನ್ನನನ್ನೂ ಪಾಠ ಹೇಳುವವನು ಮಾತ್ರ. ಈ ಎರಡನೆಯ ಕೈಯು ಯಂತ್ರಜ್ಞನದಲ್ಲ, ವಿಜ್ಞಾನದ ಮೇಷ್ಟರದೂ ಅಲ್ಲ, ಕನ್ನಡ ಪಂಡಿತನೊಬ್ಬನದು. ಅವನಿಗೂ ಆ ಬೇಸಗೆಯಲ್ಲಿ ನೆವ ಸಿಕ್ಕಿರಲಿಲ್ಲವೋ ಏನೋ!

ಇಲ್ಲೊಂದು ಉಪಕಥೆ. ಲೋಕದ ಲಿಪಿಗಳನ್ನೆಲ್ಲ ಗಣಕಯಂತ್ರಕ್ಕೆ ಅಳವಡಿಸಿದ ಯೂನಿಕೋಡ್ ಎಂಬ ವ್ಯವಸ್ಥೆಯ ಮೊದಲ ಆವೃತ್ತಿಯು 1991ರಲ್ಲಿ ಬಂದಿತು, ಕನ್ನಡವೂ ಅದರಲ್ಲಿತ್ತು. ಆದರೆ ನಮ್ಮ ‘ೞ’ಕ್ಕೆ ಆ ದೊಡ್ಡ ಸಭೆಯವರು ಕೊಟ್ಟ ಹೆಸರು ‘ಫ’! ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದೆಂಬುದು ಅವರ ನಿಯಮವಾದುದರಿಂದ ತಪ್ಪು ಹೆಸರು ಇಂದಿಗೂ ನಿಂತಿದೆ; ಸರಿಯಾದುದನ್ನು ಪರ್ಯಾಯನಾಮವೆಂದು ಪಕ್ಕದಲ್ಲಿ ಸೇರಿಸಿದ್ದಾರೆ. ಈ ಹಳ್ಳಿಯ ಪಂಡಿತನು ಅದನ್ನು ‘ಱ’ದ ಪಕ್ಕದಲ್ಲಿ, ಇರಬೇಕಾದ ಸ್ಥಾನದಲ್ಲಿಯೇ ಇರಿಸಿದ್ದನು.

ಅವನ ಕೆಲಸವು ಮುಗಿದಿಲ್ಲ. ಕಾಗುಣಿತದ ಚಿಹ್ನೆಗಳು ಪೂರ್ತಿಯಾಗಿವೆ. ಒತ್ತುಗಳು ಕವರ್ಗ, ಚವರ್ಗ, ಟವರ್ಗಗಳನ್ನು ದಾಟಿ ತವರ್ಗಕ್ಕೆ ಬಂದು, ಧಕಾರದ ಎಡ ಮನೆಯನ್ನು ತುಂಬಿ ನಿಂತಿವೆ. ಅಲ್ಲಿಂದ ಮುಂದೆ ಕೊನೆಯವರೆಗೆ 255, 255, 255. ಏನನ್ನೂ ಬರೆಯದ ಈಪ್ರಾಂ ಹೀಗೆಯೇ ಓದಿಸುತ್ತದೆ. ಆ ಅಕ್ಷರಗಳನ್ನು ಎತ್ತಿಕೊಂಡು ಕೀಲಿಮಣೆಯ ಒತ್ತುವಿಕೆಗೆ ಹೊಂದಿಸಿ ಪರದೆಗೆ ತರುವ ಕಾರ್ಯಕ್ರಮವೂ ಇದರಲ್ಲಿಲ್ಲ. ಅದು ಇದ್ದಿರಬೇಕಾದುದು ‘ಕ-1’ರಲ್ಲಿ. 88ರ ಹಲಗೆಯು ವಿದ್ಯುತ್ತಿಲ್ಲದೆ ಎಂದೋ ಅಳಿಸಿಹೋಗಿದೆ. ನಾನೇ ಒಂದು ಒರಟು ಕಾರ್ಯಕ್ರಮವನ್ನು ಬರೆದು ಅಕ್ಷರಗಳನ್ನು ಸಾಲಾಗಿ ಪರದೆಗೆ ತಂದೆನು. ಬಾಲಬೋಧೆಯ ಹಳೆಯ ಅಚ್ಚಿನಂತೆ ದಪ್ಪದಪ್ಪಗೆ ಕಾಣುತ್ತವೆ. ‘ಖ’ವು ಸ್ವಲ್ಪ ಒರಗಿದೆ, ‘ಶ್ರೀ’ ಎಂಬುದೊಂದಕ್ಕೆ ಮಾತ್ರ ಅವನು ಮೂರು ಮನೆಗಳನ್ನು ಕೊಟ್ಟಿದ್ದಾನೆ.

ಹಳೆಯ ಯಂತ್ರಗಳನ್ನು ಕೂಡಿಹಾಕುವ ಬೆಂಗಳೂರಿನ ತರುಣರೊಬ್ಬರು ಸುದ್ದಿ ಕೇಳಿ ಬಂದರು, ಸಂಭಾವಿತರು. ಯಂತ್ರಕ್ಕೆ ನಾಲ್ವತ್ತು ಸಾವಿರ ರೂಪಾಯಿ ಕೊಡುತ್ತೇನೆಂದರು. “ಆದರೆ ಸರ್, ಒರಿಜಿನಲ್ ಸ್ಥಿತಿಗೆ ತಂದುಕೊಡಬೇಕು. ಈ ತಂತಿ, ಸ್ವಿಚ್ಚು ಇವೆಲ್ಲ ಇದ್ದರೆ ಬೆಲೆ ಬರೋದಿಲ್ಲ.” ಆಗ ಮನೆಯಲ್ಲಿ ಹಣದ ಅಗತ್ಯವಿತ್ತೆಂಬುದನ್ನು ಮುಚ್ಚಿಡುವುದಿಲ್ಲ; ನನ್ನಾಕೆಯ ಕಣ್ಣಿನ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿತ್ತು. ಒಂದು ರಾತ್ರಿ ನಿದ್ದೆ ಬರಲಿಲ್ಲ. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಮಂದಿರದವರು 1919ರಿಂದ 1966ರವರೆಗೆ ದುಡಿದು ಮಹಾಭಾರತದ ಪರಿಷ್ಕರಣವನ್ನು ಮುಗಿಸಿದುದು ನೆನಪಿಗೆ ಬಂದಿತು. ಪ್ರಕ್ಷಿಪ್ತವೆಂದು ಕಂಡುದನ್ನು ಅವರು ಮೂಲದಿಂದ ಇಳಿಸಿದರೇ ಹೊರತು ಕಸಕ್ಕೆ ಹಾಕಲಿಲ್ಲ. ಪುಟದ ಅಡಿಯಲ್ಲಿ, ಪರಿಶಿಷ್ಟದಲ್ಲಿ, ಯಾವ ಯಾವ ಪ್ರತಿಯಲ್ಲಿದೆಯೆಂಬ ಸಮೇತ ಅಚ್ಚುಮಾಡಿಸಿದರು. ನಾನು ಈ ತಂತಿಗಳನ್ನು ಕಿತ್ತರೆ ಇಡಲು ಅಡಿಟಿಪ್ಪಣಿ ಯಾವುದು? ಏಕಾರ್ನಿನ ಶುದ್ಧಪಾಠವುಳ್ಳ ಯಂತ್ರಗಳು ಲೋಕದಲ್ಲಿ ಇನ್ನೂ ಸಾವಿರಾರು ಉಳಿದಿವೆ. ಧಕಾರದ ಒತ್ತಿನ ಅರ್ಧಕ್ಕೆ ನಿಂತ ಪ್ರತಿ ಇದೊಂದೇ. ಬೆಳಗ್ಗೆ ಎದ್ದು ನನ್ನಾಕೆಗೆ ಹೇಳಿದೆನು. “ನಿಮ್ಮ ಪೆಟ್ಟಿಗೆ ಮಾರಿದರೆ ನನ್ನ ಕಣ್ಣು ಬರುತ್ತದೆಯೆ? ಚೀಟಿಯ ಹಣ ಇದೆ, ಸುಮ್ಮನಿರಿ” ಎಂದಳು. ಆ ತರುಣರು ಬೇಸರಿಸದೆ, ಈಪ್ರಾಂ ಓದುವ ತಮ್ಮ ಉಪಕರಣವನ್ನು ತಂದು ‘ಕ-2’ರ ಪೂರ್ಣ ಪ್ರತಿಯನ್ನು ತೆಗೆದುಕೊಟ್ಟರು. ಕೈಯಿಂದ ತುಂಬಿದ ನನ್ನ ಚೌಕುಳಿಗಳೊಡನೆ ತಾಳೆ ನೋಡಿದೆವು. ಒಂದು ಚುಕ್ಕೆಯೂ ಭೇದವಿಲ್ಲ.

ಈ ಲೇಖನವನ್ನು ನಮ್ಮ ಸಂಘದ ಪತ್ರಿಕೆಗೆ ಕೊಟ್ಟಿರುವುದಕ್ಕೆ ಕಾರಣವಿದೆ. ಇದನ್ನೋದುವ ಮನೆಗಳಲ್ಲಿ ಉಪಾಧ್ಯಾಯರ ಮನೆಗಳು ಅನೇಕ. 1987ರ ಈಚೆಗೆ ಜಿಲ್ಲೆಯ ಯಾವುದಾದರೂ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದು, ಬೆಸುಗೆಯ ಕಡ್ಡಿಯನ್ನೂ ಹಿಡಿಯುತ್ತಿದ್ದವರನ್ನು ಬಲ್ಲವರಿದ್ದರೆ ದಯವಿಟ್ಟು ತಿಳಿಸಬೇಕು. ಅವರ ಮೇಜಿನ ಸೆಳೆಯಲ್ಲಿಯೋ, ಹಳೆಯ ಕನ್ನಡಕದ ಡಬ್ಬಿಯಲ್ಲಿಯೋ ಜರಿಯಂತಹ 28 ಕಾಲುಗಳೂ ನೆತ್ತಿಯಲ್ಲಿ ಗಾಜಿನ ಕಿಟಕಿಯೂ ಇರುವ ಬೆರಳುದ್ದದ ಕರಿಯ ವಸ್ತುವು ಸಿಕ್ಕಿದರೆ ಎಸೆಯಬಾರದು. ಮಕ್ಕಳ ಕೈಗೆ ಕೊಡಬಾರದು. ಚೀಟಿಯನ್ನು ಕಿತ್ತು ನೋಡಬಾರದು. ಬಿಸಿಲು ಬೀಳದ ಕಡೆ ಕಪ್ಪು ಕಾಗದದಲ್ಲಿ ಸುತ್ತಿಟ್ಟು, ಚೀಟಿಯ ಮೇಲೆ ‘ಕ-1’ ಎಂದಾಗಲಿ ‘ಕ-3’ ಎಂದಾಗಲಿ ಇದ್ದರೆ ಸಂಘದ ಕಚೇರಿಗೆ ಒಂದು ಮಾತು ಹೇಳಿಕಳುಹಿಸಿದರೆ ಸಾಕು. ಯಂತ್ರವನ್ನು ಹೊತ್ತುಕೊಂಡು ನಾನೇ ಬರುವೆನು.